ಮಹಾಸಾಗರದ ಕಂಬಂ ಶಾಖೆ

ಅಧ್ಯಕ್ಷರು ತೀರಿಕೊಂಡರೆಂಬ ಕಾಗದ ಓದಿ ನಾನು ಮೊದಲು ನಕ್ಕುಬಿಟ್ಟೆ. ಪಾಪ ಬಂದರೆ ನನಗೇ ಬರಲಿ. ಆಮೇಲೆ ಅತ್ತದ್ದೂ ಉಂಟು. ಕಾಗದ ಬರೆದವರು ತಮಿಳು ಸೀಮೆಯ ಕಂಬಂ ಊರಿನ ಹಳೆಯ ಕಾಂಪೌಂಡರು. ತಮ್ಮ ಅಸ್ಥಿಯನ್ನು ಸಮುದ್ರಕ್ಕೇ ಬಿಡಬೇಕೆಂದು ಅಧ್ಯಕ್ಷರು ಮೂರು ಸಲ ಹೇಳಿ ಕಣ್ಣು ಮುಚ್ಚಿದ್ದರಂತೆ. ರಾಮೇಶ್ವರದವರೆಗೆ ಹೋಗಿಬರಲು ಯಾರಿಗೂ ಪುರುಸೊತ್ತಾಗಲಿಲ್ಲವಂತೆ, ಹತ್ತಿರದಲ್ಲೇ ಸುರುಳಿ ಹೊಳೆಗೆ ಬಿಟ್ಟರಂತೆ. "ಸುರುಳಿ ವೈಗೈಯನ್ನು ಸೇರುತ್ತದೆ, ವೈಗೈ ಸಮುದ್ರವನ್ನು ಸೇರುತ್ತದೆ, ಆದ್ದರಿಂದ ಚಿಂತೆಯಿಲ್ಲ" ಎಂದು ಬರೆದಿದ್ದರು. ವೈಗೈಯನ್ನು ಕಂಡವರಿಗೆ ಗೊತ್ತು, ಅದು ಸಮುದ್ರ ಸೇರುವುದು ಅದಕ್ಕೆ ಮನಸ್ಸು ಬಂದ ವರ್ಷ ಮಾತ್ರ. ಮಿಕ್ಕ ವರ್ಷಗಳಲ್ಲಿ ರಾಮನಾಥಪುರದ ಯಾವುದೋ ಕೆರೆಗೆ ಹೋಗಿ ಕೂತುಬಿಡುತ್ತದೆ. ನಮ್ಮ ಅಧ್ಯಕ್ಷರೂ ಈಗ ಅಲ್ಲೇ ಎಲ್ಲೋ ಕೂತಿರಬೇಕು.

ಯಾವುದರ ಅಧ್ಯಕ್ಷರು ಅನ್ನುತ್ತೀರಾ? ಹಿಂದೂ ಮಹಾಸಾಗರದ್ದು. ಸಣ್ಣಪುಟ್ಟ ಕೆರೆಕಟ್ಟೆಗೆಲ್ಲ ಕೈ ಹಾಕುವ ಆಸಾಮಿಯಲ್ಲ ಅವರು. "ಹಿಂದೂ ಮಹಾಸಾಗರ ನೆರೆನಾಡುಗಳ ಸ್ನೇಹ ಸಭೆ, ಕಂಬಂ ಶಾಖೆ" ಎಂದು ನೀಲಿ ಬಣ್ಣದಲ್ಲಿ ಬರೆಸಿದ ಬೋರ್ಡು ನಮ್ಮ ಶಾಲೆಯ ಹಿಂದಿನ ಜಗಲಿಯ ಮೇಲೆ ನೇತಾಡುತ್ತಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ, ನೆರೆನಾಡಿನವರು ಯಾರು ಬೇಕಾದರೂ ಬನ್ನಿ, ಕೂತು ಮಾತಾಡೋಣ ಎಂಬ ಸಾಲು. ಮುಖ್ಯ ಕಚೇರಿ ಎಲ್ಲಿದೆ ಎಂದು ಹೊಸದರಲ್ಲಿ ನಾನು ಕೇಳಿದ್ದೆ. "ಅದು ಆಮ್ಯಾಲೆ ಬತ್ತದೆ ಟೀಚರಮ್ಮ, ಮೊದ್ಲು ಶಾಖೆ ಬಲ ಆಗ್ಲಿ" ಅಂದರು. ಆಮೇಲೂ ಬರಲಿಲ್ಲ. ಬುಡವಿಲ್ಲದ ಆ ಕೊಂಬೆಗೆ ನಾನು ಆರು ವರ್ಷ ಕಾರ್ಯದರ್ಶಿಯಾಗಿದ್ದೆ.

ಆಗ ಅವರು ನಮ್ಮ ಶಾಲೆಯ ಹೆಡ್ ಮಾಸ್ಟರು, ನಾನು ಮೂರನೆಯ ತರಗತಿಯ ಟೀಚರು. ಅರವತ್ತರ ದಶಕದ ಮಾತು. ಹೆಡ್ ಮಾಸ್ಟರು "ನಿಮ್ಮ ಕೈಬರಹ ಚೆನ್ನಾಗದೆ" ಅಂದರೆ ಅದು ಹೊಗಳಿಕೆಯಲ್ಲ, ಆಜ್ಞೆ. ಬರೆಯುವುದೆಲ್ಲ ತಮಿಳಿನಲ್ಲಿ, ಇಲ್ಲವೆಂದರೆ ಇಂಗ್ಲಿಷಿನಲ್ಲಿ. ಅವರೂ ನಾನೂ ಮನೆಯಲ್ಲಿ ಕನ್ನಡದವರೇ. ಯಾವ ಕಾಲದಲ್ಲೋ ಬಂದು ಆ ಕಣಿವೆಯಲ್ಲಿ ನೆಲೆನಿಂತ ಒಕ್ಕಲು ನಮ್ಮದು, ಕನ್ನಡ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ. ಇದನ್ನು ನಾನು ಕನ್ನಡದಲ್ಲಿ ಬರೆಯುತ್ತಿರುವುದು ಮುಂದೆ ಮೈಸೂರಿಗೆ ಬಂದು, ನಲವತ್ತು ದಾಟಿದ ಮೇಲೆ ಅಕ್ಷರ ತಿದ್ದಿದ್ದರಿಂದ.

ಕಂಬಂ ಕಣಿವೆಗೆ ಮೂರು ಕಡೆ ಬೆಟ್ಟ. ಅಲ್ಲಿ ನಿಂತು ಯಾವ ದಿಕ್ಕಿಗೆ ಕಣ್ಣು ಹಾಯಿಸಿದರೂ ಸಮುದ್ರದ ನೆನಪು ಬರುವ ಸಂಭವವಿಲ್ಲ. ಅಧ್ಯಕ್ಷರು ಸಮುದ್ರ ನೋಡಿದ್ದು ಜೀವನದಲ್ಲಿ ಒಂದೇ ಸಲ, ಅವರಪ್ಪನ ಅಸ್ಥಿ ಬಿಡಲು ರಾಮೇಶ್ವರಕ್ಕೆ ಹೋದಾಗ. ಹೇಗಿತ್ತು ಎಂದು ಕೇಳಿದೆ. "ಶಾನೆ ಅಗಲ ಅದೆ. ಆದ್ರೆ ಯೆವಸ್ಥೆ ಇಲ್ಲೆ" ಅಂದರು. ಆ ವ್ಯವಸ್ಥೆ ಮಾಡಲಿಕ್ಕೇ ತಾವು ಹುಟ್ಟಿರುವುದೆಂದು ಅವತ್ತೇ ಅವರಿಗೆ ಹೊಳೆದಿರಬೇಕು.

ತಿಂಗಳ ಎರಡನೆಯ ಭಾನುವಾರ ಸಂಜೆ ನಾಲ್ಕಕ್ಕೆ ಸಭೆ. ಸದಸ್ಯರು ಖಾಯಂ ನಾಲ್ಕು ಜನ: ಅಧ್ಯಕ್ಷರು, ನಾನು, ಸರ್ಕಾರಿ ಆಸ್ಪತ್ರೆಯ ಕಾಂಪೌಂಡರು, ಪಕ್ಕದ ಗೂಡಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಏಲಕ್ಕಿ ಮಂಡಿಯವರು. ಕಾಂಪೌಂಡರು ಬರುತ್ತಿದ್ದುದು ಮನೆಯಲ್ಲಿ ಹೆಂಡತಿಯ ಕಾಟ ತಾಳಲಾರದೆ. ಮಂಡಿಯವರು ಬರುತ್ತಿದ್ದುದು ಸಭೆಯ ಕೊನೆಗೆ ಕೊಡುವ ಪಣಿಯಾರಕ್ಕೆ, ಅಂದರೆ ಸಿಹಿ ಪಡ್ಡಿಗೆ. ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ, ದೊಡ್ಡ ಮನುಷ್ಯ. ಗೋಡೆಯ ಮೇಲೆ ಬಟ್ಟೆಯ ಭೂಪಟ. ಮೇಜಿನ ಆಚೆ ಒಂದು ಖಾಲಿ ಕುರ್ಚಿ. ಆ ಕುರ್ಚಿ ನೆರೆನಾಡಿನ ಪ್ರತಿನಿಧಿಗೆ ಮೀಸಲು. ತಿಂಗಳಿಗೊಂದು ದೇಶದ ಹೆಸರನ್ನು ರಟ್ಟಿನ ಮೇಲೆ ಬರೆದು ಅದರ ಬೆನ್ನಿಗೆ ತೂಗುಹಾಕುವುದು ನನ್ನ ಕೆಲಸ. ಬರ್ಮಾ, ಮಲಯ, ಮಾಲ್ದೀವು, ಜಾಂಜಿಬಾರ್, ಎಲ್ಲವೂ ಸರದಿಯ ಮೇಲೆ ಬಂದು ಖಾಲಿ ಕೂತು ಹೋದವು.

ಆಮೇಲೆ ಭಾಷಣ. ಒಂದೇ ಸಮುದ್ರದ ನೀರು ಮುಟ್ಟುವವರೆಲ್ಲ ಒಂದೇ ಮನೆಯವರು, ಮನೆಯವರಲ್ಲಿ ಏನೇ ಬರಲಿ ಕೂತು ಮಾತಾಡಬೇಕು, ಇದು ಸಾರಾಂಶ. ಮಾತುಕತೆಗೆ ತಮಿಳಿನಲ್ಲಿ ಪೇಚುವಾರ್ತೈ ಅನ್ನುತ್ತಾರೆ. ಆ ಪದವನ್ನು ಅಧ್ಯಕ್ಷರು ಮೈಸೂರುಪಾಕು ಕಚ್ಚಿದಂತೆ ಬಾಯಿ ತುಂಬಿಕೊಂಡು ಹೇಳುತ್ತಿದ್ದರು. ಭಾಷಣ ಮುಗಿದ ಮೇಲೆ ನಿರ್ಣಯ. ನಿರ್ಣಯದ ಪ್ರತಿಗಳು ಸೋಮವಾರ ನನ್ನ ಕೈಬರಹದಲ್ಲಿ ರಂಗೂನಿಗೂ ಕೊಲಂಬೊಗೂ ಜಕಾರ್ತಕ್ಕೂ ದಿಲ್ಲಿಗೂ ಹೋಗುತ್ತಿದ್ದವು. ಆರು ವರ್ಷದಲ್ಲಿ ಒಂದೇ ಒಂದು ಉತ್ತರ ಬಂತು. ಯಾವುದೋ ರಾಯಭಾರಿ ಕಚೇರಿಯ ಅಚ್ಚು ಹಾಕಿದ ಚೀಟಿ, ನಿಮ್ಮ ಪತ್ರ ತಲುಪಿದೆ ಎಂದು. ಅಧ್ಯಕ್ಷರು ಅದಕ್ಕೆ ಗಾಜಿನ ಕಟ್ಟು ಹಾಕಿಸಿದರು. ಕಾಂಪೌಂಡರು ಕುಂಕುಮ ಇಡಲು ಹೋದರು, ನಾನೇ ತಡೆದೆ.

ಮೊದಲೇ ಹೇಳಿಬಿಡುತ್ತೇನೆ, ಮನುಷ್ಯ ಕೆಟ್ಟವರಲ್ಲ. ಮಕ್ಕಳ ಮೇಲೆ ಎಂದೂ ಕೈ ಎತ್ತಿದವರಲ್ಲ. ಚಪ್ಪಲಿ ಹರಿದ ಹುಡುಗಿಗೆ ತಮ್ಮ ಮಗಳ ಚಪ್ಪಲಿ ತಂದುಕೊಟ್ಟದ್ದು ನಾನೇ ನೋಡಿದ್ದೇನೆ. ದೂರದವರ ಕಷ್ಟಕ್ಕೆ ಅವರ ಕಣ್ಣಲ್ಲಿ ನಿಜವಾಗಿ ನೀರು ಬರುತ್ತಿತ್ತು. ದೂರ ಹೆಚ್ಚಾದಷ್ಟೂ ನೀರು ಹೆಚ್ಚು. ಹತ್ತಿರ ಬಂದರೆ ಮಾತ್ರ ತೊಂದರೆ.

ಹತ್ತಿರದ ಕಥೆ ಇದು. ಅವರಿಗೊಬ್ಬ ತಮ್ಮ ಇದ್ದ. ಗೂಡಲೂರಿನ ದಾರಿಯಲ್ಲಿ ಅಪ್ಪ ಬಿಟ್ಟುಹೋದ ಹೊಲ ಇಬ್ಬರಿಗೂ ಸಮ, ನಡುವೆ ಒಂದೇ ಬಾವಿ. ಬೆಳಗಿನ ನೀರು ಅಣ್ಣನಿಗೆ, ಆಮೇಲಿನದು ತಮ್ಮನಿಗೆ. ಗಡಿಯಾರ ಇಲ್ಲದ ಕಾಲದಲ್ಲಿ ನಮ್ಮ ಕಡೆ ಈ ಸರದಿಯನ್ನು ನೆರಳಿನ ಮೇಲೆ ಅಳೆಯುತ್ತಿದ್ದರು. ಬಿಸಿಲಿನಲ್ಲಿ ನಿಲ್ಲಬೇಕು, ತನ್ನ ನೆರಳನ್ನು ತನ್ನ ಪಾದದಿಂದಲೇ ಅಳೆಯಬೇಕು, ನೆರಳು ಕುಗ್ಗುತ್ತ ಐದು ಪಾದಕ್ಕೆ ಬಂದ ಕೂಡಲೇ ಮೊದಲಿನವನು ನೀರೆತ್ತುವ ಕಪಿಲೆಯ ಎತ್ತು ಬಿಚ್ಚಬೇಕು. ತಲೆತಲಾಂತರದಿಂದ ನಡೆದು ಬಂದದ್ದು, ಎಲ್ಲರಿಗೂ ಸರಿಹೋಗಿತ್ತು. ಈ ಮನೆಯಲ್ಲಿ ಮಾತ್ರ ಅಣ್ಣ ಗಿಡ್ಡ, ಪಾದ ಭಾರಿ. ತಮ್ಮ ಎತ್ತರದ ಆಳು, ಪಾದ ಹೆಂಗಸರದಷ್ಟು. ಅಣ್ಣನನ್ನು ನಿಲ್ಲಿಸಿ ಅಳೆದರೆ ಐದು ಪಾದ ಬೇಗ ಬಂದು ಅಣ್ಣನ ನೀರು ಬೇಗ ನಿಲ್ಲುತ್ತದೆ. ತಮ್ಮನನ್ನು ನಿಲ್ಲಿಸಿದರೆ ತಡವಾಗಿ ಬರುತ್ತದೆ. ಹಾಗಾಗಿ ಅಣ್ಣ "ನಿನ್ನ ನೆರಳು ಅಳಿ" ಅಂದರು, ತಮ್ಮ "ನಿಮ್ದೇ ಅಳೀರಿ" ಅಂದ. ಲೋಕದಲ್ಲಿ ತನ್ನದು ತನ್ನದು ಎಂದು ಕಿತ್ತಾಡುವವರನ್ನು ನೋಡಿದ್ದೇವೆ. ಇವರು ನಿನ್ನದು ನಿನ್ನದು ಎಂದು ಕಿತ್ತಾಡಿಕೊಂಡರು.

ಜಗಳ ಒಂದು ಬೇಸಿಗೆ ಪೂರ್ತಿ ನಡೆಯಿತು. ಕೊನೆಗೆ ತಮ್ಮನಿಗೆ ತಲೆ ಚಿಟ್ಟು ಹಿಡಿದು, ಹೆಂಡತಿಯನ್ನು ಕರೆದುಕೊಂಡು ಸಿಲೋನಿಗೆ ಹೊರಟುಹೋದ. ಅಲ್ಲಿ ಟೀ ತೋಟಗಳ ನಡುವಿನ ಒಂದು ಊರಿನಲ್ಲಿ ಅವಳ ಸೋದರಮಾವ ದಿನಸಿ ಅಂಗಡಿ ಇಟ್ಟಿದ್ದರು. ಇದು ಸ್ವಾತಂತ್ರ್ಯಕ್ಕೂ ಮುಂಚಿನ ಸಂಗತಿ. ತಮ್ಮನ ಹೊಲ ಬೀಳು ಬಿತ್ತು. ಅಣ್ಣ ಅದರ ಒಂದು ಗೇಣನ್ನೂ ಮುಟ್ಟಲಿಲ್ಲ, ಧರ್ಮಿಷ್ಠರು. ನೀರನ್ನು ಮಾತ್ರ ಬೆಳಗಿನದೂ ಸಂಜೆಯದೂ ತಾವೇ ಎಳೆದುಕೊಂಡು ಇಪ್ಪತ್ತು ವರ್ಷ ದ್ರಾಕ್ಷಿ ಬೆಳೆದರು. ಕಪಿಲೆ ಹೋಗಿ ಕರೆಂಟಿನ ಮೋಟಾರು ಬಂತು. ಅದೇ ಬಾವಿಯ ಕಟ್ಟೆಯ ಮೇಲೆ ಕೂತು ಅವರು ಮಹಾಸಾಗರದ ನೀರು ಯಾರಪ್ಪನ ಸ್ವತ್ತೂ ಅಲ್ಲ ಎಂಬ ಭಾಷಣ ತಯಾರಿಸುತ್ತಿದ್ದರು.

ಸಿಲೋನಿನಲ್ಲಿ ಪೀಳಿಗೆಗಳಿಂದ ಇದ್ದ ನಮ್ಮ ಕಡೆಯ ಜನರಲ್ಲಿ ಇಷ್ಟು ಮಂದಿಯನ್ನು ಅವರು ಇಟ್ಟುಕೊಳ್ಳುವುದು, ಇಷ್ಟು ಮಂದಿಯನ್ನು ನಾವು ವಾಪಸು ಕರೆಸಿಕೊಳ್ಳುವುದು ಎಂದು ದಿಲ್ಲಿಯವರೂ ಕೊಲಂಬೊದವರೂ ಕೂತು ಒಪ್ಪಂದ ಮಾಡಿಕೊಂಡರಲ್ಲ, ಆ ಸುದ್ದಿ ಬಂದ ದಿನ ಅಧ್ಯಕ್ಷರ ಮುಖ ನೋಡಬೇಕಿತ್ತು. ತಮ್ಮ ನಿರ್ಣಯ ಓದಿಯೇ ಎರಡು ಸರ್ಕಾರಗಳೂ ದಾರಿಗೆ ಬಂದವು ಎಂದು ಅವರ ನಂಬಿಕೆ. ಶಾಲೆಗೆ ಅರ್ಧ ದಿನ ರಜೆ. ಮಕ್ಕಳಿಗೆಲ್ಲ ಬೆಲ್ಲದ ಮಿಠಾಯಿ. ಸಂಜೆ ತುರ್ತು ಸಭೆ. "ಕತ್ತಿ ಇಲ್ದೆ, ಗುಂಡು ಇಲ್ದೆ, ಬರೀ ಪೇಚುವಾರ್ತೈಯಿಂದ ತೀರೋಯ್ತು ನೋಡಿ" ಅಂದರು. ಜನರನ್ನು ಏಲಕ್ಕಿ ಮೂಟೆಯಂತೆ ಇಷ್ಟು ನಿಮಗೆ ಇಷ್ಟು ನಮಗೆ ಎಂದು ಹಂಚಿಕೊಳ್ಳುವುದು ಯಾವ ಸೀಮೆಯ ಸ್ನೇಹ ಎಂದು ನನಗೆ ಅನ್ನಿಸಿತು. ಮಂಡಿಯವರು ಬಾಯಿಬಿಟ್ಟು ಕೇಳಿಯೂ ಕೇಳಿದರು, "ಮೂಟೆಗಾದ್ರೆ ನಾನು ಗುಣ ನೋಡಿ ಇಂಗಡಿಸ್ತೀನಿ ಅಯ್ಯಾ. ಮನುಸ್ರನ್ನ ಏನು ನೋಡಿ ಇಂಗಡಿಸ್ತಾರೆ?" ಅಧ್ಯಕ್ಷರು ಪಣಿಯಾರದ ತಟ್ಟೆಯನ್ನು ಅವರ ಕಡೆ ತಳ್ಳಿದರು. ನಾನು ಏನು ಮಾಡಿದೆ? ಎರಡೂ ಸರ್ಕಾರಗಳನ್ನು ಅಭಿನಂದಿಸುವ ನಿರ್ಣಯವನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟೆ. ಮರಳಿ ಬರುವ ಸೋದರ ಸೋದರಿಯರನ್ನು ಕಂಬಂ ಶಾಖೆ ಎರಡೂ ಕೈ ಚಾಚಿ ಸ್ವಾಗತಿಸುತ್ತದೆ ಎಂಬ ಸಾಲನ್ನು ಸೇರಿಸಿದವಳೂ ನಾನೇ.

ಚಾಚಿದ ಕೈಗೆ ಎರಡು ಮೂರು ವರ್ಷ ಏನೂ ಸಿಗಲಿಲ್ಲ. ಆಮೇಲೆ ಒಂದು ದಿನ ಶಾಲೆಯ ವಿಳಾಸಕ್ಕೆ ಸಿಲೋನಿನ ಕಾಗದ ಬಂತು. ತಮ್ಮ ಜ್ವರದಲ್ಲಿ ತೀರಿಕೊಂಡ, ಅಲ್ಲಿನ ಪೌರತ್ವಕ್ಕೆ ಹಾಕಿದ ಅರ್ಜಿ ತಿರಸ್ಕಾರವಾಗಿದೆ, ಅವನ ಹೆಂಡತಿಯೂ ಮಗಳೂ ಇಂಡಿಯಾಕ್ಕೆ ಹಡಗು ಹತ್ತುತ್ತಾರೆ ಎಂದು ಅಲ್ಲಿಯ ನೆರೆಯವರು ಯಾರೋ ಬರೆದಿದ್ದರು. ಅಧ್ಯಕ್ಷರು ಅದನ್ನು ಓದಿ, ಮಡಿಸಿ ಜೇಬಿನಲ್ಲಿಟ್ಟು, ಮನೆಗೆ ಹೋದರು. ತಲೆ ಬೋಳಿಸಿಕೊಂಡು ಮಾಡಬೇಕಾದ ಕರ್ಮವನ್ನೆಲ್ಲ ಮಾಡಿದರು. ಹದಿನೇಳನೆಯ ದಿನ ಶಾಲೆಗೆ ಬಂದು ರಂಗೂನಿಗೆ ಒಂದು ಪತ್ರ ಬರೆಸಿದರು. ತಮ್ಮನ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.

ಅದೇ ತಿಂಗಳು ದಿಂಡಿಗಲ್ಲಿನಲ್ಲಿ ಉಪಾಧ್ಯಾಯರ ಸಮ್ಮೇಳನ. ಅಧ್ಯಕ್ಷರದ್ದು ಒಂದು ಗಂಟೆಯ ಉಪನ್ಯಾಸ, ಸಾಗರದ ನೆರೆಯವರಲ್ಲಿ ಪರಸ್ಪರ ವಿಶ್ವಾಸ ಎಂಬ ವಿಷಯ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನನ್ನ ತವರು ಬತ್ತಲಗುಂಡು, ಹಾಗಾಗಿ ಹಿಂದಿರುಗುವಾಗ ಅಲ್ಲಿಯವರೆಗೂ ಒಂದೇ ಬಸ್ಸು. ಅವರ ತೊಡೆಯ ಮೇಲೆ ಕಾಗದದಲ್ಲಿ ಸುತ್ತಿದ ಏನೋ ಭಾರ. ಸಮ್ಮೇಳನದಲ್ಲಿ ಕೊಟ್ಟ ಕಾಣಿಕೆಯಾ ಅಯ್ಯಾ ಎಂದೆ. ಬಿಚ್ಚಿ ತೋರಿಸಿದರು. ದಿಂಡಿಗಲ್ಲಿನ ಬೀಗ, ಅಂಗೈ ಅಗಲದ್ದು. "ಮೋಟಾರು ರೂಮಿಗೆ. ಕಳ್ರ ಕಾಟ ಜಾಸ್ತಿ ಆಗೋಗದೆ" ಅಂದರು. ಕಂಬಂನಲ್ಲಿ ಮೋಟಾರು ಕದ್ದ ಕಳ್ಳನನ್ನು ನಾನು ಅದುವರೆಗೂ ಕೇಳಿರಲಿಲ್ಲ. ಹಡಗಿನಲ್ಲಿ ಬರುವವರು ಯಾರೆಂದು ಮಾತ್ರ ಇಬ್ಬರಿಗೂ ಗೊತ್ತಿತ್ತು.

ಅವಳು ಬಂದಳು. ಮಂಡಪಂ ಕ್ಯಾಂಪಿನಲ್ಲಿ ಕೆಲವು ವಾರ ಇದ್ದು, ಒಂದು ತಗಡಿನ ಪೆಟ್ಟಿಗೆ, ಒಂದು ಹೊಲಿಗೆ ಮೆಷಿನ್ನು, ಹದಿನಾರು ವರ್ಷದ ಮಗಳ ಜೊತೆ ಬಸ್ಸಿನಿಂದ ಇಳಿದಳು. ಆ ಮಗಳು ಸಿಲೋನಿನಲ್ಲೇ ಹುಟ್ಟಿದವಳು, ಕಂಬಂ ಅನ್ನುವುದನ್ನು ಕನಸಿನಲ್ಲೂ ಕಂಡವಳಲ್ಲ. ಸರ್ಕಾರದ ಕಾಗದದಲ್ಲಿ ಅವಳೂ "ವಾಪಸಾದವಳು". ತಾಯಿಯನ್ನು ಊರು ಒಂದೇ ವಾರದಲ್ಲಿ ಸಿಲೋನಕ್ಕ ಅನ್ನತೊಡಗಿತು. ಕ್ಯಾಂಪಿನ ಅಧಿಕಾರಿಗಳು ನೀಲಗಿರಿಯ ಟೀ ತೋಟದಲ್ಲಿ ಎಲೆ ಕೀಳುವ ಕೆಲಸ ಕೊಡುತ್ತೇವೆ ಎಂದಿದ್ದರಂತೆ. "ನಂಗೆ ಹೊಲ ಅದೆ, ನಾನ್ಯಾಕೆ ಓಗ್ಲಿ" ಎಂದು ಇವಳು ಎದ್ದು ಬಂದಿದ್ದಳು. ಬಂದವಳೇ ಸೊಂಟಕ್ಕೆ ಸೆರಗು ಸಿಕ್ಕಿಸಿ, ಇಪ್ಪತ್ತು ವರ್ಷದ ಜಾಲಿಮುಳ್ಳು ಕಡಿಸಿ, ಗಂಡನ ಹೊಲದಲ್ಲಿ ಸಣ್ಣೀರುಳ್ಳಿ ನಾಟಿ ಮಾಡಿದಳು. ಬಾವಿಗೆ ಹೋದರೆ ಮೋಟಾರು ರೂಮಿಗೆ ದಿಂಡಿಗಲ್ಲಿನ ಬೀಗ.

ಹೋಗಿ ಅಣ್ಣನನ್ನು ಕೇಳಿದರಾಯಿತು ಅನ್ನುತ್ತೀರಿ. ತೊಡಕು ಅಲ್ಲೇ ಇರುವುದು. ನಮ್ಮವರಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರಿಗೆ ನಿಲ್ಲುವಂತಿಲ್ಲ, ಅವರ ಜೊತೆ ನೇರವಾಗಿ ಮಾತಾಡುವಂತಿಲ್ಲ. ಅವರು ಜಗಲಿಯ ಮೇಲಿದ್ದರೆ ಇವಳು ಬಾಗಿಲ ಹಿಂದೆ. ಏನೇ ಹೇಳುವುದಿದ್ದರೂ ನಡುವೆ ಮೂರನೆಯವರು ಬೇಕು. ಮಿಕ್ಕ ಮನೆಗಳಲ್ಲಿ ಇದೆಲ್ಲ ಸಡಿಲವಾಗಿ ಹೋಗಿತ್ತು, ಎಷ್ಟೋ ಕಡೆ ನಕ್ಕು ಬಿಟ್ಟುಬಿಟ್ಟಿದ್ದರು. ಮಾತುಕತೆಯ ಮಹಾಪುರುಷರಿಗೆ ಮಾತ್ರ ಆಗ ಅದು ಭಾರಿ ಪವಿತ್ರವಾಗಿ ಕಂಡಿತು. "ಅವ್ಳತ್ರ ನಾನು ಎಂಗೆ ಮಾತಾಡೋದು ಟೀಚರಮ್ಮ? ವಳಕ್ಕ ಇಲ್ಲೆ" ಅಂದರು, ವಾಡಿಕೆಯಿಲ್ಲ ಎಂದು. ನಡುವಿನ ಮೂರನೆಯವಳು ಯಾರಾಗಬೇಕೆಂದು ಹೇಳಬೇಕಾಗಿಲ್ಲ.

ಅವರ ಮನೆಯ ಅಂಗಳದಲ್ಲಿ ನಾನು ನಿಂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅಧ್ಯಕ್ಷರು ಜಗಲಿಯ ಮೇಲೆ ಗೋಡೆ ನೋಡಿಕೊಂಡು ಕೂತಿದ್ದಾರೆ. ಸಿಲೋನಕ್ಕ ನಾಲ್ಕು ಮಾರು ಆಚೆ, ಬಾಗಿಲ ಮರೆಯಲ್ಲಿ. ಇಬ್ಬರಿಗೂ ಇಬ್ಬರ ಮಾತೂ ಸ್ಪಷ್ಟವಾಗಿ ಕೇಳುತ್ತದೆ.

"ಟೀಚರಮ್ಮ, ಏಳಿ ಅವ್ಳಿಗೆ. ನೀರಿನ ಇಚಾರ ಒಂದೇ ದಿನ್ದಲ್ಲಿ ತೀರೋದಲ್ಲ. ಪೇಚುವಾರ್ತೈ ಆಗ್ಬೇಕು. ಅದಕ್ಕೆ ಮುಂಚೆ ಯಾವುದ್ರ ಮ್ಯಾಲೆ ಪೇಚುವಾರ್ತೈ ಅಂತ ಒಂದು ಪೇಚುವಾರ್ತೈ ಆಗ್ಬೇಕು."

ನಾನು ಬಾಗಿಲ ಕಡೆ ತಿರುಗಿ ಅದನ್ನೇ ಹೇಳಿದೆ.

"ತಂಗಿ, ಕೇಳು ಅವರ್ನ. ನಾಟಿ ಆಗಿ ಒಂಬತ್ತು ದಿನ ಆಯ್ತು, ಬಾವಿ ನೀರು ಒಂದು ಹನಿ ಬಿದ್ದಿಲ್ಲೆ. ಈರುಳ್ಳಿ ಎಷ್ಟು ದಿನ ಕಾಯ್ತದೆ ಅಂತ ಅವ್ರಿಗೆ ಗೊತ್ತಾ?"

ನಾನು ಜಗಲಿಯ ಕಡೆ ತಿರುಗಿ ಅದನ್ನೇ ಹೇಳಿದೆ.

"ಮುಂದಿನ ಮಾಸ ನೋಡಾನ ಅಂತ ಏಳಿ."

"ನಂಗೆ ಕೇಳಿಸ್ನಿಲ್ಲೆ ತಂಗಿ, ನೀನೇ ಏಳು" ಅಂದಳು ಬಾಗಿಲ ಹಿಂದಿನಿಂದ. ಆ ಸಂಕಟದಲ್ಲೂ ನನ್ನನ್ನು ರೇಗಿಸುತ್ತಿದ್ದಾಳೆ, ಗಟ್ಟಿಗಿತ್ತಿ. ನಾನು ಮುಂದಿನ ತಿಂಗಳು ನೋಡೋಣ ಎಂದು ಹೇಳಿದೆ. ಮಿದುಳಿರುವ ಯಾರಾದರೂ ಆ ಅಂಗಳದಲ್ಲಿ ನನ್ನನ್ನು ನೋಡಿದ್ದರೆ ಹುಚ್ಚಿ ಅನ್ನುತ್ತಿದ್ದರು.

ಇಂಥದ್ದು ಮೂರು ಸಲ ಆಯಿತು. ಮೂರನ್ನೂ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಯಬೇಕೆಂದು ಅಧ್ಯಕ್ಷರ ಅಪ್ಪಣೆ, ಸಿಲೋನಿನಿಂದ ಬಂದವರ ಸಮಸ್ಯೆಯ ಪರಿಶೀಲನೆ ಎಂಬ ತಲೆಬರಹದ ಕೆಳಗೆ. "ಮಾತುಕತೆ ಸೌಹಾರ್ದದಿಂದ ನಡೆಯಿತು, ಮುಂದುವರಿಯುತ್ತದೆ" ಎಂದು ನಾನು ಬರೆದೆ. ನಾಚಿಕೆಗೆಟ್ಟು ಮೂರು ಸಲವೂ ಅದನ್ನೇ ಬರೆದೆ. ನಮ್ಮ ಕುಲದ ಹಿರಿಯರ ಹತ್ತಿರವೂ ಸಿಲೋನಕ್ಕ ಹೋಗಿಬಂದಳು. ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಹೆಡ್ ಮಾಸ್ಟರ ಕೈಕೆಳಗೆ ಓದಿದವರು, ಯಾರು ಬಾಯಿ ಬಿಡುತ್ತಾರೆ? "ಅಣ್ಣ ತಮ್ಮಂದಿರ ಇಚಾರ, ನಾವು ಎಂಗೆ ನಡುವೆ ಬರೋದು" ಎಂದು ಕೈ ತೊಳೆದುಕೊಂಡರು. ಅಣ್ಣ ತಮ್ಮಂದಿರಲ್ಲಿ ತಮ್ಮ ಸತ್ತೇಹೋಗಿದ್ದ.

ಅಷ್ಟು ದಿನ ಅವಳೂ ಮಗಳೂ ಅರ್ಧ ಮೈಲಿ ದೂರದ ಕಾಲುವೆಯಿಂದ ಕೊಡದಲ್ಲಿ ನೀರು ಹೊತ್ತು ಮಡಿಗೆ ಸುರಿದರು. ಅರ್ಧ ಹೊಲ ಒಣಗಿಹೋಯಿತು. ಇನ್ನರ್ಧ ತುದಿ ಹಳದಿ ತಿರುಗಿ ನಿಂತಿತ್ತು. ನಾನು ನೋಡಲು ಹೋದ ದಿನ ಅವಳು ಬದುವಿನ ಮೇಲೆ ಕೂತು ನೀಲಗಿರಿಯ ಅರ್ಜಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. "ಇದೂ ಓಯ್ತು ಅಂದ್ರೆ ಗುಡ್ಡಕ್ಕೇ ಓಗ್ಬೇಕು ತಂಗಿ. ಇವ್ಳ ಬೆನ್ನಿಗೂ ಎಲೆ ಬುಟ್ಟಿ ಕಟ್ಬೇಕು. ಅದಾಗ್ಬಾರ್ದು ಅಂತ ಅವ್ರು ಅಂಗಡೀಲಿ ದುಡ್ದು ದುಡ್ದು ಸತ್ರು" ಅಂದಳು. ನನಗೆ ಸಿಟ್ಟು ಬಂತು. ಅಧ್ಯಕ್ಷರ ಮೇಲೆ ಅಷ್ಟು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಸಭೆ ಎಂದು, ಎಷ್ಟು ಗಂಟೆಗೆ ಎಂದು ಅವಳು ಕೇಳಿದಳು. ಹೇಳಿದೆ. ಯಾರು ಬೇಕಾದರೂ ಬರಬಹುದಾ ಎಂದಳು. ಬೋರ್ಡಿನಲ್ಲಿ ಹಾಗೇ ಬರೆದಿದೆ ಎಂದೆ. ನಾನು ಮಾಡಿದ ಒಳ್ಳೆಯ ಕೆಲಸ ಅದುವರೆಗೆ ಅಷ್ಟೇ.

ಆ ಭಾನುವಾರ ಕುರ್ಚಿ ಮಡಗಾಸ್ಕರದ್ದು. ಅಧ್ಯಕ್ಷರು ಎದ್ದು ನಿಂತು ಭಾಷಣ ಶುರುಮಾಡಿದ್ದರು. ಸಿಲೋನಕ್ಕ ಜಗಲಿಯ ಮೆಟ್ಟಿಲು ಹತ್ತಿ ಬಂದಳು, ತಲೆ ಬಾಚಿ, ಒಗೆದ ಬ್ಯಾಂಡೇಜಿನ ಬಿಳುಪಿನ ಸೀರೆ ಉಟ್ಟು. ಸೀದಾ ಹೋಗಿ ಆ ಕುರ್ಚಿಯಲ್ಲಿ ಕೂತಳು. ಆರು ವರ್ಷದಲ್ಲಿ ಅದರಲ್ಲಿ ಯಾರಾದರೂ ಕೂತದ್ದು ಅದೇ ಮೊದಲು.

ಕಾಂಪೌಂಡರು ಗಾಬರಿಯಾಗಿ "ಅಮ್ಮಾ, ಅದು ಮಡಗಾಸ್ಕರ್" ಅಂದರು.

"ಅವ್ರು ಬರ್ಲಿ, ಎದ್ಬುಡ್ತೀನಿ."

ಅಧ್ಯಕ್ಷರು ಥಟ್ಟನೆ ಗೋಡೆಯ ಕಡೆ ತಿರುಗಿದರು. ತಿರುಗಿದರೆ ಮುಖದ ಮುಂದೆ ಭೂಪಟ. ಇಡೀ ಮಹಾಸಾಗರವನ್ನು ಎದುರಿಗಿಟ್ಟುಕೊಂಡು, ನಮಗೆಲ್ಲ ಬೆನ್ನು ಹಾಕಿ ನಿಂತರು ಮಹಾನುಭಾವರು.

"ಬಾವಾ" ಅಂದಳು. ನಮ್ಮ ಕುಲದಲ್ಲಿ ಆ ಪದವನ್ನು ಗಂಡನ ಅಣ್ಣನ ಬಗ್ಗೆ ಹೇಳುತ್ತಾರೆ, ಅವರ ಮುಖಕ್ಕೆ ಯಾರೂ ಹೇಳುವುದಿಲ್ಲ. "ಬಾವಾ, ನೆರೆನಾಡವ್ರು ಬನ್ನಿ, ಕೂತ್ಕೊಳ್ಳಿ, ಮಾತಾಡಾನ ಅಂತ ನೀವೇ ಬೋರ್ಡು ಆಕಿದೀರಿ. ನಾನು ಸಿಲೋನಿಂದ ಬಂದಿವ್ನಿ. ಕೂತಿವ್ನಿ. ಮಾತಾಡಿ."

ಅಧ್ಯಕ್ಷರು ಭೂಪಟಕ್ಕೆ ಹೇಳಿದರು, "ಟೀಚರಮ್ಮ, ಅವ್ಳಿಗೆ ಏಳಿ..."

ನಾನು ಪೆನ್ನಿನ ಮುಚ್ಚಳ ಹಾಕಿದೆ. ಹೆಡ್ ಮಾಸ್ಟರು ನನ್ನ ಅನ್ನಕ್ಕೆ ಕಲ್ಲು ಹಾಕಬಲ್ಲವರು. "ಅಯ್ಯಾ, ನಾನು ಏಳಲ್ಲ. ಅವ್ರು ಅಲ್ಲೇ ಕೂತವ್ರೆ. ನೀವೇ ಏಳಿ."

ಮಂಡಿಯವರು ಪಣಿಯಾರದ ತಟ್ಟೆಯಿಂದ ಕೈ ತೆಗೆದರು. "ಏಳ್ಬುಡಿ ಅಯ್ಯಾ" ಅಂದರು ಮೆಲ್ಲಗೆ. "ಇಷ್ಟು ವರ್ಷ ಆದ್ಮ್ಯಾಲೆ ಒಬ್ರು ಬಂದವ್ರೆ."

ಅಧ್ಯಕ್ಷರು ಕೊನೆಗೆ ತಿರುಗಿದರು. ಅವಳ ಮುಖ ನೋಡಲಿಲ್ಲ, ಮೇಜು ನೋಡಿದರು. ಸೊಂಟದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟರು. "ಹನ್ನೊಂದು ಗಂಟೆವರ್ಗೆ ನಂದು. ಆಮ್ಯಾಲೆ ಬಾವಿ ನಿಂದು. ಇನ್ನೊಂದು ಕೈ ನನ್ನತ್ರ ಇರ್ತದೆ" ಅಂದರು. ಇಪ್ಪತ್ತು ವರ್ಷದ ತಕರಾರು ತೀರಲು ಮೂರು ವಾಕ್ಯ ಸಾಕಾಯಿತು. ಭಾಷಣ ಬರೆಯುವುದಕ್ಕೆ ಅವರಿಗೆ ಪ್ರತಿ ಸಲ ಎರಡು ದಸ್ತು ಕಾಗದ ಬೇಕಾಗುತ್ತಿತ್ತು.

ಅವಳು ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದಳು. ಥ್ಯಾಂಕ್ಸು ಗೀಂಕ್ಸು ಏನೂ ಇಲ್ಲ, ಯಾಕೆ ಹೇಳಬೇಕು? ಮೆಟ್ಟಿಲವರೆಗೆ ಹೋಗಿದ್ದಳು.

"ಇರು" ಅಂದರು ಅಧ್ಯಕ್ಷರು.

ಅವಳು ನಿಂತಳು. ಅವರು ಈಗ ಅವಳ ಮುಖವನ್ನೇ ನೋಡುತ್ತಿದ್ದರು. "ಅವ್ನು... ಕೊನೇಲಿ ಏನಾರ ಅಂದ್ನಾ?"

ಆಗ ನನಗೆ ಅರ್ಥವಾಯಿತು. ಈ ಪ್ರಶ್ನೆಯನ್ನು ಆ ಮನುಷ್ಯ ಇಷ್ಟು ತಿಂಗಳಿಂದ ಎದೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು. ಅಂಗಳದ ನಡುವೆ ನನ್ನನ್ನು ನಿಲ್ಲಿಸಿ, ಟೀಚರಮ್ಮ ಕೇಳಿ ಎಂದು ಕೇಳಿಸುವ ಪ್ರಶ್ನೆಯಲ್ಲ ಅದು. ಅಯ್ಯೋ ಅನ್ನಿಸಿತು ನನಗೆ.

ಸಿಲೋನಕ್ಕ ಸುಳ್ಳು ಹೇಳಲೋ ಬೇಡವೋ ಎಂದು ಲೆಕ್ಕ ಹಾಕಿದಳೋ ಏನೋ. ಹೇಳಲಿಲ್ಲ.

"ಏನೂ ಅನ್ನಿಲ್ಲೆ ಬಾವಾ. ನಿಮ್ಗೆ ಕಾಗ್ದ ಆಕಿದ್ರು, ಜ್ವರ ಬಂದ್ಮ್ಯಾಲೂ ಒಂದು. ದಿನಾ ತಪಾಲ್ಕಾರ ಬರೋ ಒತ್ಗೆ ಎದ್ದು ಕೂತ್ಕೊಳ್ಳೋರು. ಕೊನೇ ದಿನಾನೂ ಕೂತ್ಕೊಂಡ್ರು. ನಾನೇ ಎತ್ತಿ ಕೂರಿಸ್ದೆ."

ಅವಳು ಇಳಿದು ಹೋದಳು. ಅಧ್ಯಕ್ಷರು ಮೇಜಿನ ಅಂಚು ಹಿಡಿದು, ಕೆಳಗೆ ನನ್ನ ಮುಂದಿದ್ದ ನಡಾವಳಿ ಪುಸ್ತಕವನ್ನು ನೋಡುತ್ತ ನಿಂತರು.

"ಟೀಚರಮ್ಮ" ಅಂದರು, "ಇದನ್ನ ಬರ್ಕೊಬೇಡಿ."

ಅವರು ಬದುಕಿರುವವರೆಗೆ ನಾನು ಬರೆಯಲಿಲ್ಲ.